ಜಂಕ್ ಫೋಲ್ಡರಿನಲ್ಲಿ ಸಿಕ್ಕ ಕನ್ನಡ ಮೇಲ್

ಆಗಸ್ಟ್ 3, 2025, ಭಾನುವಾರ
ಮಾದಾಪುರದ ಹತ್ತಿರ, ಕೊಡಗು

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಕರೆಂಟ್ ನಿನ್ನೆ ರಾತ್ರಿಯೇ ಹೋಗಿದೆ. ಇವತ್ತು ಕಕ್ಕಡ 18, ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುವ ದಿನ. ಅವ್ವ ಕೊಡೆ ಹಿಡಿದುಕೊಂಡು ತೋಟದ ಅಂಚಿಗೆ ಹೋಗಿ ಮದ್ದು ಸೊಪ್ಪು ಕೊಯ್ದು ತಂದರು. ಸೊಪ್ಪು ಕುದಿಯುತ್ತಾ ನೀರು ನೇರಳೆ ಬಣ್ಣಕ್ಕೆ ತಿರುಗಿತು. ಆ ಕಾಡಿನ ವಾಸನೆ ಮನೆ ತುಂಬಾ ಹಬ್ಬಿತು. ಪಾಯಸ ಆಗುವಷ್ಟರಲ್ಲಿ ಬರುತ್ತೇನೆ ಅಂತ ಹೇಳಿ ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಕಣದ ಪಕ್ಕದ ಶೆಡ್‌ಗೆ ಹೋದೆ. ಮಳೆಗಾಲದಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ.

ನಾನು ಕೆಲಸ ಮಾಡುವುದು ಜಿಲ್ಲೆಯ ಹೊರಗಿನ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ. ಇಮೇಲ್ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಬೇಡದ್ದು, ಅಂದರೆ ಜಂಕ್, ಅಂತ ಫಿಲ್ಟರ್ ತಡೆದಿಟ್ಟ ಮೇಲ್‌ಗಳು ಏಳು ದಿನ ಇದ್ದು ತಾನಾಗಿ ಅಳಿಸಿಹೋಗುತ್ತವೆ. ಅಷ್ಟರೊಳಗೆ ದಿನಕ್ಕೊಮ್ಮೆ ಅವುಗಳ ಮೇಲೆ ಕಣ್ಣು ಹಾಯಿಸುತ್ತೇನೆ. ರಜೆ ಇದ್ದರೂ ಬಿಡುವುದಿಲ್ಲ.

ಇವತ್ತು 140 ಮೇಲ್ ಇದ್ದವು. ಅರ್ಧಕ್ಕಿಂತ ಜಾಸ್ತಿ ಜರ್ನಲ್‌ಗಳದ್ದು. ‘ಗೌರವಾನ್ವಿತ ಪ್ರೊಫೆಸರ್ ಅವರೇ, ನಿಮ್ಮ ಲೇಖನ ಓದಿ ಬೆರಗಾದೆವು, ಒಂದೇ ವಾರದಲ್ಲಿ ಪ್ರಕಟಿಸುತ್ತೇವೆ’ ಅಂತ ಇಂಗ್ಲಿಷಿನಲ್ಲಿ ಹೊಗಳಿಕೆ. ಗಣಿತದವರಿಗೆ ದಂತವೈದ್ಯಕೀಯ ಸಮ್ಮೇಳನದ ಆಹ್ವಾನ. ದುಡ್ಡು ಕೇಳುವುದು ಕೊನೆಯಲ್ಲಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು ಈ ಫೆಬ್ರವರಿಯಲ್ಲಿ ನಿಲ್ಲಿಸಿದ ಮೇಲೆ ಯಾವ ಜರ್ನಲ್ ಒಳ್ಳೆಯದು ಅಂತ ತೀರ್ಮಾನಿಸುವ ಹೊರೆ ವಿಶ್ವವಿದ್ಯಾಲಯಗಳ ಮೇಲೆಯೇ ಬಿದ್ದಿದೆ. ಹೊಸದಾಗಿ ಪಿಎಚ್‌ಡಿಗೆ ಸೇರಿದ ಹುಡುಗ ಹುಡುಗಿಯರು ಇಂಥ ಮೇಲ್ ನಂಬಿ ಫೆಲೋಶಿಪ್ ಹಣ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಸಂಕಟವಾಗುತ್ತದೆ.

ಒಂದು ಮೇಲ್ ನಮ್ಮ ಕುಲಪತಿಗಳ ಹೆಸರಿನಲ್ಲಿತ್ತು. ‘ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಐದು ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸಿ.’ ಫೋನಿನಲ್ಲಿ ನೋಡಿದರೆ ಹೆಸರಷ್ಟೇ ಕಾಣುತ್ತದೆ. ಹೆಸರಿನ ಮೇಲೆ ಒತ್ತಿದರೆ ಕೆಳಗೆ ಯಾವುದೋ ಪುಕ್ಕಟೆ ಖಾತೆಯ ವಿಳಾಸ. ನಮ್ಮ ವಿಳಾಸವನ್ನು ಬೇರೆಯವರು ಬಳಸಿದರೆ ಹಿಡಿಯಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಏರ್ಪಾಡುಗಳಿವೆ. ಆದರೆ ಮೇಲೆ ಕಾಣುವ ಹೆಸರನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಅದನ್ನು ಅವು ತಡೆಯುವುದಿಲ್ಲ. ಆ ಒಂದು ಒತ್ತು ಒತ್ತಿ ನೋಡಿ ಅಂತ ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ. ಹಣ ಹೋಗಿಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಈ ಜಂಕ್ ಮೇಲ್ ಕಾಟ ಶುರುವಾದದ್ದೇ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಜೋಡಿಸಿದ್ದ, ಇಂಟರ್ನೆಟ್‌ಗೂ ಮುಂಚಿನ ಅರ್ಪಾನೆಟ್ ಎಂಬ ಜಾಲದಲ್ಲಿ. 1978ರ ಮೇ 3ರಂದು ಗ್ಯಾರಿ ಥುರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿದ. ಆಗಲೇ ಜನ ಸಿಟ್ಟಾಗಿದ್ದರು.

ಪಟ್ಟಿಯ ಕೊನೆಗೆ ಬರುವಾಗ ಒಂದು ಕನ್ನಡ ಸಾಲು ಕಂಡಿತು. ‘ದಯವಿಟ್ಟು ತಕ್ಷಣ ಗಮನಿಸಿ, ಹಣ ಕಟ್ಟಿದ ಬಗ್ಗೆ.’ ಕೈ ಅಲ್ಲೇ ನಿಂತಿತು. ತೆರೆದೆ. ಸುಂಟಿಕೊಪ್ಪ ಕಡೆಯ ಒಬ್ಬ ತಂದೆ ಬರೆದದ್ದು. ಮಗಳ ಎಂಎಸ್ಸಿ ಪ್ರವೇಶದ ಫೀಸ್ ಬ್ಯಾಂಕಿನಲ್ಲಿ ಕಟ್ಟಿದ್ದಾರೆ, ಪೋರ್ಟಲ್‌ನಲ್ಲಿ ಕಟ್ಟಿಲ್ಲ ಅಂತ ತೋರಿಸುತ್ತಿದೆ. ಜೊತೆಗೆ ಚಲನ್‌ನ ಫೋಟೋ, ಒಂದು ಮೂಲೆ ಮಳೆಗೆ ನೆಂದು ಶಾಯಿ ಹರಡಿತ್ತು. ಕಳಿಸಿದ ದಿನ ಬುಧವಾರ, ಜುಲೈ 30. ಕಡೇ ದಿನ ನಾಳೆ, ಸೋಮವಾರ.

ನಾಲ್ಕು ದಿನ ಆ ಮೇಲ್ ಅಲ್ಲೇ ಬಿದ್ದಿತ್ತು. ದಿನಾ ನೋಡುವ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನು ಮೂರು ದಿನ ಕಳೆದಿದ್ದರೆ ತಾನಾಗಿ ಅಳಿಸಿಹೋಗುತ್ತಿತ್ತು.

ಯಾಕೆ ತಡೆಯಿತು ಅಂತ ಒಳಗೆ ನೋಡಿದೆ. ನಮ್ಮ ಫಿಲ್ಟರ್ ಪ್ರತಿ ಮೇಲ್‌ಗೆ ಅಂಕ ಕೊಡುತ್ತದೆ, 5 ದಾಟಿದರೆ ತಡೆಯುತ್ತದೆ. ಅಂಕದಲ್ಲಿ ದೊಡ್ಡ ಪಾಲು ಪದಗಳ ಲೆಕ್ಕದ್ದು. ಯಾವ ಪದ ಜಂಕ್‌ನಲ್ಲಿ ಎಷ್ಟು ಸಲ, ಒಳ್ಳೆಯ ಮೇಲ್‌ನಲ್ಲಿ ಎಷ್ಟು ಸಲ ಬಂದಿದೆ ಅಂತ ನೋಡಿ ಅದು ಕಲಿಯುತ್ತದೆ. ಹದಿನೆಂಟನೇ ಶತಮಾನದ ಗಣಿತಜ್ಞ ಥಾಮಸ್ ಬೇಯ್ಸ್ ಅವರ ಸಂಭವದ ಲೆಕ್ಕ ಅದರ ಬುಡ. ಜಂಕ್ ಮೇಲ್‌ಗೆ ಅದನ್ನು ಬಳಸುವುದು 2002ರಲ್ಲಿ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಅದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಹರಡಿತು. ಒಳ್ಳೆಯ ಉಪಾಯ, ಸಂಶಯವಿಲ್ಲ. ಆದರೆ ಕಲಿಸಿದ್ದನ್ನೇ ಅಲ್ವಾ ಅದು ಕಲಿಯುವುದು? ನಮ್ಮಲ್ಲಿ ಕಚೇರಿಯ ಮೇಲ್ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಜಾಸ್ತಿ ಬರುತ್ತಿದ್ದದ್ದು ಸಾಲ ಕೊಡುತ್ತೇವೆ ಎನ್ನುವ ಜಾಹೀರಾತು. ಸಿಬ್ಬಂದಿ ಅವನ್ನು ಜಂಕ್ ಅಂತ ಗುರುತು ಹಾಕಿದರು, ಅದು ಸರಿಯೇ. ಹಾಗಾಗಿ ‘ದಯವಿಟ್ಟು’, ‘ತಕ್ಷಣ’, ‘ಹಣ’ ಎಲ್ಲವೂ ಆ ಫಿಲ್ಟರ್‌ಗೆ ಕೆಟ್ಟ ಪದಗಳಾಗಿಬಿಟ್ಟಿವೆ. ಒಳ್ಳೆಯ ಕನ್ನಡ ಮೇಲ್ ಹೇಗಿರುತ್ತದೆ ಅಂತ ಅದಕ್ಕೆ ಯಾರೂ ತೋರಿಸಿಯೇ ಇಲ್ಲ. ನಾನೂ ತೋರಿಸಿರಲಿಲ್ಲ.

ನಮ್ಮ ಮನೆಯಲ್ಲಿ ಕರಿಮೆಣಸು ಕೇರುವಾಗ ಅವ್ವ ಮೊರದ ಮುಂದೆ ಹಾರಿ ಬಿದ್ದ ಜೊಳ್ಳನ್ನು ಗುಡಿಸಿ ಎಸೆಯುವುದಿಲ್ಲ. ಕೂತು ಇನ್ನೊಮ್ಮೆ ಬೆರಳಾಡಿಸುತ್ತಾರೆ. ಗಟ್ಟಿ ಕಾಳು ಸಿಕ್ಕೇ ಸಿಗುತ್ತದೆ.

ಮೊದಲು ಪ್ರವೇಶ ವಿಭಾಗದ ಸೂಪರಿಂಟೆಂಡೆಂಟ್‌ಗೆ ಚಲನ್ ಕಳಿಸಿ ಫೋನ್ ಮಾಡಿದೆ. ಭಾನುವಾರವಾದರೂ ಎತ್ತಿದರು. ನಾಳೆ ಬೆಳಿಗ್ಗೆ ಹತ್ತಕ್ಕೇ ಸರಿಮಾಡುತ್ತೇನೆ ಅಂದರು. ಆಮೇಲೆ ಆ ತಂದೆಯ ನಂಬರ್. ನಾಲ್ಕು ಸಲ ಸಿಗಲಿಲ್ಲ. ಅಲ್ಲೂ ಇದೇ ಮಳೆ ತಾನೇ. ಐದನೇ ಸಲ ಎತ್ತಿದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಬರೀ ಮಳೆ ಸದ್ದು.

“ಉತ್ತರ ಬರ್ಲಿಲ್ಲ ಮೇಡಂ. ಕನ್ನಡದಲ್ಲಿ ಬರ್ದಿದ್ದೇ ತಪ್ಪಾಯ್ತೇನೋ ಅಂದ್ಕೊಂಡೆ. ಇಂಗ್ಲಿಷಲ್ಲಿ ಬರ್ಸೋಣ ಅಂತ ನಾಳೆ ಕುಶಾಲನಗರಕ್ಕೆ ಹೊರಟಿದ್ದೆ.”

“ತಪ್ಪು ನಿಮ್ಮದಲ್ಲ ಅಣ್ಣ, ನಮ್ಮದು,” ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ಆಗಲಿಲ್ಲ.

ಮಧ್ಯಾಹ್ನ ಮೂರಾಗಿತ್ತು. ತಡೆದಿಟ್ಟ ಮೇಲ್‌ಗಳನ್ನು ಏಳರ ಬದಲು ಮೂವತ್ತು ದಿನ ಇಡುವಂತೆ ಬದಲಾಯಿಸಿದೆ. ಕನ್ನಡ ಅಕ್ಷರ ಇರುವ ಮೇಲ್‌ಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಹಾಕಿಸಿದೆ, ಅವನ್ನು ತೆರೆದು ಓದದೆ ಅಳಿಸುವುದಿಲ್ಲ. ಹಿಂದಿನ ದಿನಗಳದ್ದನ್ನು ಹುಡುಕಿದಾಗ ಇನ್ನೆರಡು ಸಿಕ್ಕವು. ಒಂದು ಅಂಕಪಟ್ಟಿಯ ತಿದ್ದುಪಡಿ, ಇನ್ನೊಂದು ಹಾಸ್ಟೆಲ್ ಅರ್ಜಿ. ಮೂರನ್ನೂ ‘ಇದು ಜಂಕ್ ಅಲ್ಲ’ ಅಂತ ಗುರುತು ಹಾಕಿದೆ. ಮೂರು ಮೇಲ್ ಸಾಲದು, ನೂರಾರು ಬೇಕು. ನಾಳೆ ಕನ್ನಡ ವಿಭಾಗದವರನ್ನು ಕೇಳಬೇಕು, ಅವರಿಗೆ ಬಂದ ಕನ್ನಡ ಮೇಲ್‌ಗಳಿಂದ ಫಿಲ್ಟರ್‌ಗೆ ಕಲಿಸಲು ಒಪ್ಪುತ್ತಾರಾ ಅಂತ.

ಒಳಗೆ ಹೋದಾಗ ಪಾಯಸ ಆರಿತ್ತು. ಅವ್ವ ಮತ್ತೆ ಒಲೆ ಮೇಲಿಟ್ಟು ಬಿಸಿ ಮಾಡಿ, ಮೇಲೆ ತುಪ್ಪ ಹಾಕಿ ಕೊಟ್ಟರು.