ಉತ್ತರದ ಕಿಟಕಿಗೆ ಬಿಸಿಲು ಹಾಕಿದ್ದೆ

ಮನೆ ಒಳಗಿನ ತ್ರೀಡಿ ಚಿತ್ರಗಳನ್ನು ಮಾಡಿಕೊಡುವುದು ನನ್ನ ಕೆಲಸ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ, ಬೆಳಕನ್ನು ಲೆಕ್ಕ ಹಾಕಿ ಚಿತ್ರ ಮಾಡುವ ಅದರ ಸೈಕಲ್ಸ್ ರೆಂಡರ್ ಬಳಸಿ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಹಳೇ ಮನೆಯನ್ನು ಹೊಸದಾಗಿ ಮಾಡಿಸುತ್ತಿದ್ದರು. ರೆಡ್ ಆಕ್ಸೈಡ್ ನೆಲದ ಹಾಲ್, ಬಿಳಿ ಗೋಡೆ, ಉತ್ತರಕ್ಕೆ ದೊಡ್ಡ ಕಿಟಕಿ.

ಚಿತ್ರ ಪ್ಲಾಸ್ಟಿಕ್ ತರಹ ಬಂತು. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಬೆಳಕನ್ನು ಎಷ್ಟು ಸಲ ಲೆಕ್ಕ ಹಾಕಬೇಕು ಅನ್ನೋದು) ಕಡಿಮೆ ಆಗಿರಬೇಕು ಅಂದುಕೊಂಡು 512ರಿಂದ 2048ಕ್ಕೆ ಏರಿಸಿ ರಾತ್ರಿಯಿಡೀ ಓಡಿಸಿದೆ. ಸ್ಯಾಂಪಲ್ ನಾಲ್ಕು ಪಟ್ಟು ಮಾಡಿದರೆ ನಾಯ್ಸ್, ಅಂದರೆ ಚಿತ್ರದ ಮೇಲಿನ ಕಾಳು ಕಾಳು ಚುಕ್ಕೆ, ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ. ಬೆಳಿಗ್ಗೆ ನೋಡಿದರೆ ನಾಯ್ಸ್ ಕಡಿಮೆಯಾಗಿತ್ತು, ಪ್ಲಾಸ್ಟಿಕ್ ಹಾಗೇ ಇತ್ತು.

ಕಾರಣ ಹೇಳಿದ್ದು ಆ ಮನೆಯ ಅಜ್ಜಿ. ಚಿತ್ರ ನೋಡಿ, "ಏನಪ್ಪಾ, ಈ ಕಿಟಕೀಲಿ ಡಿಸೆಂಬರ್ ಮಧ್ಯಾಹ್ನ ಬಿಸಿಲೇ ಬರಲ್ವಲ್ಲ?" ಅಂದರು. ನಿಜ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೇ ಇರುತ್ತಾನೆ. ನಾನು ಚೆಂದ ಕಾಣಲಿ ಅಂತ ಸುಮ್ನೆ ಉತ್ತರದಿಂದ ಬಿಸಿಲು ಬಿಟ್ಟಿದ್ದೆ. ಅದು ಸಾಲದು ಅಂತ ಒಳಗೆ ಹಲಗೆಯಂತೆ ಅಗಲವಾಗಿ ಬೆಳಕು ಚೆಲ್ಲುವ ಏಳು ಏರಿಯಾ ಲೈಟ್ ಬೇರೆ.

ಮರುದಿನ ಹನ್ನೊಂದು ಗಂಟೆಗೆ ಆ ಹಾಲ್‌ನಲ್ಲಿ ಹೋಗಿ ಕೂತೆ. ಕಿಟಕಿಯಿಂದ ಬರುತ್ತಿದ್ದದ್ದು ಬರೀ ಆಕಾಶದ ಬೆಳಕು, ಮೆತ್ತಗೆ, ಸ್ವಲ್ಪ ನೀಲಿ. ನೆಲದ ಮೇಲೆ ಬಿದ್ದು ಪುಟಿದ ಬೆಳಕಿಗೆ ಬಿಳಿ ಗೋಡೆಯ ಬುಡ ಒಂದು ಗೇಣಿನಷ್ಟು ಕೆಂಪಗೆ ಕಾಣುತ್ತಿತ್ತು. ಮೂಲೆಗಳು ಚೆನ್ನಾಗಿಯೇ ಕತ್ತಲೆ. ಆ ಕತ್ತಲೆಯನ್ನೇ ನಾನು ಏಳು ಲೈಟ್ ಹಾಕಿ ಅಳಿಸಿದ್ದು, ಅದಕ್ಕೇ ಪ್ಲಾಸ್ಟಿಕ್ ಆಗಿದ್ದು.

ವಾಪಸ್ ಬಂದು ಲೈಟ್ ಎಲ್ಲ ತೆಗೆದೆ. ಎಲ್ಲದಕ್ಕೂ ಬರೀ ಬೂದು ಬಣ್ಣ ಕೊಟ್ಟು, ಪ್ಲ್ಯಾನ್ ನೋಡಿ ಉತ್ತರ ದಿಕ್ಕು ಸರಿ ಮಾಡಿ, ಆಕಾಶದ ಬೆಳಕೊಂದನ್ನೇ ಇಟ್ಟೆ. ಚಿತ್ರ ಕತ್ತಲೆ ಅನಿಸಿದಾಗ ಹೊಸ ಲೈಟ್ ಸೇರಿಸದೆ ಎಕ್ಸ್‌ಪೋಷರ್ ಏರಿಸಿದೆ, ಕ್ಯಾಮೆರಾದಲ್ಲಿ ನಾವು ಮಾಡೋದೂ ಅದನ್ನೇ ಅಲ್ವಾ. ಆಮೇಲೆ ಬಣ್ಣಗಳು. ಗೋಡೆಯ ಬಿಳಿಗೆ ನಾನು 1.0 ಕೊಟ್ಟಿದ್ದೆ. ಬಿದ್ದ ಬೆಳಕನ್ನೆಲ್ಲ ಪೂರ್ತಿ ವಾಪಸ್ ಕೊಡುವ ಸುಣ್ಣ ಲೋಕದಲ್ಲಿ ಎಲ್ಲೂ ಇಲ್ಲ, 0.8ಕ್ಕೆ ಇಳಿಸಿದ ತಕ್ಷಣ ಮೂಲೆಗಳಿಗೆ ಜೀವ ಬಂತು. ಡಿಫ್ಯೂಸ್ ಬೌನ್ಸ್, ಅಂದರೆ ಬೆಳಕು ಗೋಡೆ ನೆಲಗಳಿಂದ ಎಷ್ಟು ಸಲ ಪುಟಿಯಬಹುದು ಅನ್ನೋ ಮಿತಿ, ಸೈಕಲ್ಸ್‌ನಲ್ಲಿ ಮೊದಲಿಗೆ 4 ಇರುತ್ತದೆ, ಒಂದೇ ಕಿಟಕಿಯ ಕೋಣೆಗೆ ಅದು ಸಾಲಲಿಲ್ಲ, 8 ಮಾಡಿದೆ. ಕಿಟಕಿ ಹತ್ತಿರದ ಬೆಳಕು ಸುಟ್ಟ ಹಾಗೆ ಕಾಣದಂತೆ ಎಜಿಎಕ್ಸ್ (ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ಸೆಟ್ಟಿಂಗ್) ನೋಡಿಕೊಂಡಿತು. 2023ರ ಬ್ಲೆಂಡರ್ 4.0ರಿಂದ ಅದೇ ಡೀಫಾಲ್ಟ್.

ಉಳಿದ ನಾಯ್ಸ್ ಒರೆಸುವ ಡಿನಾಯ್ಸರ್ ಬಗ್ಗೆ ಒಂದು ಮಾತು. ಸ್ಯಾಂಪಲ್ ತೀರಾ ಕಡಿಮೆ ಕೊಟ್ಟು ಅದರ ಮೇಲೆ ಭಾರ ಹಾಕಿದರೆ ನೆಲದ ಪಾಲಿಶ್ ಗೆರೆಗಳನ್ನು ಎಣ್ಣೆ ಸವರಿದಂತೆ ಅಳಿಸಿಬಿಡುತ್ತದೆ. ಅದಕ್ಕೆ ಆಲ್ಬೆಡೊ (ಮೇಲ್ಮೈಯ ಮೂಲ ಬಣ್ಣ), ನಾರ್ಮಲ್ (ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನೋದು) ಪಾಸ್ ಎರಡನ್ನೂ ಕೊಟ್ಟು, ನೆಲದ ಭಾಗವನ್ನು ಜೂಮ್ ಮಾಡಿ ನೋಡಿದ ಮೇಲೇ ಕಳಿಸಿದೆ. 600 ಸ್ಯಾಂಪಲ್ ಸಾಕಾಯಿತು.

ಈಗ ಪ್ಲ್ಯಾನ್ ಕೈಗೆ ಬಂದ ಕೂಡಲೇ ಉತ್ತರ ಯಾವ ಕಡೆ ಅಂತ ಕೇಳುತ್ತೇನೆ. ಮನೆ ಆಗಲೇ ಇದ್ದರೆ, ಬೆಳಿಗ್ಗೆ ಒಂದು, ಸಂಜೆ ಒಂದು, ಲೈಟ್ ಹಾಕದೆ ಫೋಟೊ ತೆಗೆದು ಕಳಿಸಿ ಅಂತಲೂ.