ಡಬ್ಲಿನ್ ಇಂಗ್ಲಿಷಿನಲ್ಲಿ ಸಿಕ್ಕ ನಮ್ಮ ‘ಇರ್ತಾರೆ’

‘ಐಯಾಮ್ ಆಫ್ಟರ್ ಚೇಂಜಿಂಗ್ ದಿ ಪಂಪ್’ ಅಂದರು ಬಾಯ್ಲರ್ ರಿಪೇರಿಗೆ ಬಂದಿದ್ದವರು. ಪಂಪ್ ಬದಲಾಯಿಸಿ ಆಯ್ತು, ಈಗಷ್ಟೇ ಮುಗೀತು ಅಂತ ಅರ್ಥ. ಕೈ ಒರೆಸಿಕೊಳ್ಳುತ್ತಾ ಇನ್ನೊಂದು ಮಾತು ಸೇರಿಸಿದರು: ‘ದೆಮ್ ಪಂಪ್ಸ್ ಡೂ ಬಿ ಗಿವಿಂಗ್ ಟ್ರಬಲ್ ಇನ್ ದಿ ಕೋಲ್ಡ್.’

ಐರ್ಲೆಂಡಿನ ಡಬ್ಲಿನ್‌ನಲ್ಲಿ ಜನವರಿ ತಿಂಗಳು. ತರೀಕೆರೆಯಿಂದ ಬಂದಿದ್ದ ಅಮ್ಮ ಎರಡು ಸ್ವೆಟರ್ ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದಳು. ಅಮ್ಮ ಕನ್ನಡ ಶಾಲೆಯಲ್ಲಿ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಟೆನ್ಸುಗಳ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು ಬರೆದು ಬಾಯಿಪಾಠ ಆಗಿರುವವಳು. ರಿಪೇರಿಯವರು ಹೋದ ಮೇಲೆ ಕೇಳಿದಳು, ‘ಅದೇನೋ ಅದು, ಡೂ ಬಿ? ಯಾವ ಟೆನ್ಸ್ ಕಣೋ ಅದು?’

ಇಲ್ಲಿಗೆ ಬಂದಾಗಿನಿಂದ ನಾನು ಈ ಮಾತುಗಳನ್ನು ಗಮನಿಸುತ್ತಲೇ ಇದ್ದೇನೆ. ಬಸ್ಸಿನಲ್ಲಿ, ಮೂರ್ ಸ್ಟ್ರೀಟಿನ ತರಕಾರಿ ಗಾಡಿಗಳ ಹತ್ತಿರ, ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲ ಕಡೆ ಕೇಳುತ್ತೆ. ಹಾಗಾಗಿ ಅಮ್ಮನಿಗೆ ಒಂದು ಉದಾಹರಣೆ ಕೊಟ್ಟೆ. ‘ಷಿ ಈಸ್ ಟೈರ್ಡ್’ ಅಂದರೆ ಈಗ ಸುಸ್ತಾಗಿದ್ದಾಳೆ. ‘ಷಿ ಡಸ್ ಬಿ ಟೈರ್ಡ್’ ಅಂದರೆ ದಿನಾ ಹಾಗೇ, ಯಾವಾಗ ನೋಡಿದರೂ ಸುಸ್ತು. ಅಮ್ಮ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, ‘ಅಂದ್ರೆ ಸುಸ್ತಾಗಿರ್ತಾಳೆ. ಇದ್ದಾಳೆ ಬೇರೆ, ಇರ್ತಾಳೆ ಬೇರೆ. ಇದು ನಮ್ಮದೇ ಅಲ್ವೇನೋ!’ ಅಂದಳು.

ಇಷ್ಟು ವರ್ಷ ನನಗೆ ಹೊಳೆಯದೇ ಇದ್ದದ್ದನ್ನು ಅಮ್ಮ ಒಂದೇ ಸಲಕ್ಕೆ ಹಿಡಿದಳು. ನಾವು ದಿನಕ್ಕೆ ಎಷ್ಟು ಸಲ ಈ ಭೇದ ಮಾಡುತ್ತೇವೆ! ಅಂಗಡಿ ತೆಗೆದಿದೆ, ಅಂಗಡಿ ತೆಗೆದಿರುತ್ತೆ. ಅವರು ಮನೇಲಿದ್ದಾರೆ, ಅವರು ಮನೇಲಿರ್ತಾರೆ. ಪುಸ್ತಕದ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ‘ಈಸ್’. ಭೇದ ತೋರಿಸಬೇಕಾದರೆ ‘ಯೂಷುವಲಿ’ ಅಂತಲೋ ‘ಆಲ್ವೇಸ್’ ಅಂತಲೋ ಒಂದು ಪದ ತಂದು ಸೇರಿಸಬೇಕು. ಡಬ್ಲಿನ್ ಬೀದಿಯ ಇಂಗ್ಲಿಷ್ ಅದನ್ನು ಕ್ರಿಯಾಪದದಲ್ಲೇ ಮುಗಿಸುತ್ತೆ. ಇದನ್ನು ತಪ್ಪು ಇಂಗ್ಲಿಷ್ ಅನ್ನುವವರು ಈ ಊರಲ್ಲೇ ಜಾಸ್ತಿ ಇದ್ದಾರೆ. ನನಗೆ ಮಾತ್ರ ಇದು ಪುಸ್ತಕದ್ದಕ್ಕಿಂತ ಸೂಕ್ಷ್ಮವಾದ ವ್ಯಾಕರಣ ಅನ್ನಿಸುತ್ತೆ.

ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ನಮ್ಮನ್ನು ಟೀಗೆ ಕರೆದರು. ಎಂಬತ್ತರ ಹತ್ತಿರದ ವಯಸ್ಸು, ಪಶ್ಚಿಮದ ಮೇಯೋ ಕಡೆಯ ಮನೆತನ. ಬಾಗಿಲಲ್ಲೇ ಶುರು ಮಾಡಿದರು. ‘ವಿಲ್ ಯು ಹ್ಯಾವ್ ಎ ಕಪ್ ಆಫ್ ಟೀ?’ ಅಂದರು. ಅಮ್ಮ ‘ಐ ವಿಲ್’ ಅಂದಳು. ‘ಡಿಡ್ ಯು ಸ್ಲೀಪ್ ಅಟ್ ಆಲ್ ಇನ್ ದಟ್ ಕೋಲ್ಡ್?’ ಅಂದರು. ‘ಐ ಡಿಡ್’ ಅಂದಳು.

ನಾನು ಕಿವಿ ನಿಮಿರಿಸಿ ಕೂತೆ. ತರಗತಿಯಲ್ಲಿ ‘ಎಸ್, ಐ ವಿಲ್, ನೋ, ಐ ವಿಲ್ ನಾಟ್’ ಅಂತ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟ ಅಮ್ಮ ತಾನು ಮಾತಾಡುವಾಗ ಎಸ್ ಬಿಟ್ಟುಬಿಟ್ಟಿದ್ದಳು. ಯಾಕೆ ಅಂದರೆ ಅವಳ ಒಳಗೆ ನಡೆಯುತ್ತಿದ್ದದ್ದು ಕನ್ನಡ. ‘ಟೀ ಕುಡೀತೀರಾ?’ ಅಂದರೆ ನಾವು ‘ಹೌದು’ ಅನ್ನುವುದಿಲ್ಲ. ‘ಕುಡೀತೀನಿ’ ಅಂತೀವಿ. ‘ನಿದ್ದೆ ಬಂತಾ?’ ಅಂದರೆ ‘ಬಂತು’. ಪಕ್ಕದ ಮನೆಯ ಅಜ್ಜಿ ಹಾಗೇ ಉತ್ತರ ಕೊಡುವುದು, ಹಾಗೇ ಉತ್ತರ ಬರುತ್ತೆ ಅಂತ ಕಾಯುವುದು. ಈ ನೆಲದ ಹಳೆಯ ಭಾಷೆಯಾದ ಐರಿಷ್‌ನಲ್ಲಿ ಹೌದು, ಇಲ್ಲ ಅನ್ನುವುದಕ್ಕೆ ಬೇರೆ ಪದಗಳೇ ಇಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ಆ ಅಭ್ಯಾಸ ಇಂಗ್ಲಿಷಿಗೂ ಬಂದು ಕೂತಿದೆ. ಹೀಗಾಗಿ ತರೀಕೆರೆಯ ಮೇಡಂ, ಮೇಯೋ ಮನೆತನದ ಅಜ್ಜಿ ಇಬ್ಬರೂ ಯಾವ ತೊಡಕೂ ಇಲ್ಲದೆ ಮಾತಾಡಿದರು. ‘ಈಸ್ ಇಟ್ ಥರ್ಸ್‌ಡೇ ಯು ಆರ್ ಗೋಯಿಂಗ್ ಹೋಮ್?’ ಅಂತ ಅಜ್ಜಿ ಕೇಳಿದಾಗಲೂ ಅಮ್ಮ ತಡವರಿಸಲಿಲ್ಲ. ‘ಗುರುವಾರಾನಾ ಊರಿಗೆ ಹೋಗೋದು?’ ಯಾವುದರ ಮೇಲೆ ಒತ್ತು ಇದೆಯೋ ಅದು ಮೊದಲು.

ಅಮ್ಮ ಬೆಳಿಗ್ಗೆಯ ‘ಡೂ ಬಿ’ ವಿಷಯ ಎತ್ತಿದಳು. ಅಜ್ಜಿಯ ಮುಖ ಸ್ವಲ್ಪ ಬದಲಾಯಿತು. ಶಾಲೆಯಲ್ಲಿ ಹಾಗೆ ಅಂದರೆ ಬೈಗುಳ ತಿನ್ನಬೇಕಿತ್ತಂತೆ, ಅದು ಬಡವರ ಮಾತು ಅಂತ. ತಮ್ಮ ಅಜ್ಜಿಗೆ ಐರಿಷ್ ಬರುತ್ತಿತ್ತು, ಆದರೆ ಮಕ್ಕಳ ಹತ್ತಿರ ಆಡುತ್ತಿರಲಿಲ್ಲ ಅಂದರು. ಮಕ್ಕಳು ಹಡಗು ಹತ್ತಿ ಹೋಗುವವರು, ಅವರಿಗೆ ಇಂಗ್ಲಿಷ್ ಬೇಕು ಅನ್ನುವ ಲೆಕ್ಕ.

ಆ ಲೆಕ್ಕದ ಹಿಂದೆ ದೊಡ್ಡ ನೋವಿದೆ. ಜಮೀನು, ಕೋರ್ಟು, ಕಚೇರಿ ಮೊದಲೇ ಇಂಗ್ಲಿಷಿನ ಕೈಗೆ ಹೋಗಿದ್ದವು. 1831ರಲ್ಲಿ ಶುರುವಾದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠ ಇಂಗ್ಲಿಷಿನಲ್ಲಿ. ಆ ಶತಮಾನದಲ್ಲಿ ಮಕ್ಕಳ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಷ್ ಮಾತಾಡಿದಾಗೆಲ್ಲ ಅದರಲ್ಲಿ ಒಂದು ಗೀರು, ಕೊನೆಗೆ ಗೀರು ಎಣಿಸಿ ಹೊಡೆತ. 1845ರಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದು ಬರ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಐರಿಷ್ ಆಡುವ ಪಶ್ಚಿಮದ ಹಳ್ಳಿಗಳಿಗೇ ಏಟು ಜಾಸ್ತಿ. 1851ರ ಜನಗಣತಿಯಲ್ಲಿ ಮೊದಲ ಸಲ ಭಾಷೆಯ ಬಗ್ಗೆ ಕೇಳಿದಾಗ ಐರಿಷ್ ಬಲ್ಲವರು ಕಾಲು ಭಾಗಕ್ಕಿಂತ ಕಡಿಮೆ ಇದ್ದರು.

ಇಂಗ್ಲಿಷ್ ಕಲಿತವರು ಇಂಗ್ಲೆಂಡಿನವರ ಬಾಯಿಂದ ನೇರವಾಗಿ ಕಲಿತದ್ದು ಕಡಿಮೆ. ಆಗತಾನೇ ಕಲಿತ ಇನ್ನೊಬ್ಬ ಐರಿಷ್ ಮನುಷ್ಯನಿಂದ ಕಲಿತರು. ಪದಗಳು ಹೊಸವು, ಜೋಡಿಸುವ ರೀತಿ ಹಳೆಯದು. ಐರಿಷ್‌ನಲ್ಲಿ ‘ಇದೆ’ ಮತ್ತು ‘ಇರುತ್ತೆ’ ಎರಡಕ್ಕೂ ಬೇರೆ ಬೇರೆ ರೂಪ ಉಂಟು. ಅದಿಲ್ಲದೆ ಅವರಿಗೆ ಮಾತು ಪೂರ್ತಿ ಅನ್ನಿಸಲಿಲ್ಲ. ವಲಸೆ ಬಂದ ಇಂಗ್ಲಿಷರ ಹಳೆಯ ಮಾತಿನಲ್ಲಿ ‘ಡೂ’ ಬಳಕೆ ಜಾಸ್ತಿ ಇತ್ತು, ಅದೂ ಇದಕ್ಕೆ ಒದಗಿತು. ಬಾಯ್ಲರ್‌ನವರ ‘ಆಫ್ಟರ್’ ಕೂಡ ಐರಿಷ್‌ನಿಂದಲೇ ಬಂದದ್ದು. ಒಂದು ಕೆಲಸ ಮಾಡಿದ ನಂತರದಲ್ಲಿ ಇದ್ದೇನೆ ಅನ್ನುವುದು ಐರಿಷ್ ರಚನೆ. ಹಲವರಿಗೆ ಹೇಳುವ ‘ಯೂಸ್’ ಕೂಡ ಹಾಗೇ. ನೀನು ಬೇರೆ, ನೀವು ಬೇರೆ ಇರುವ ಭಾಷೆಯವರಿಗೆ ಒಂದೇ ‘ಯೂ’ ಸಾಲದು.

ಇದನ್ನೆಲ್ಲ ಕೇಳುವಾಗ ನಮ್ಮ ಊರಿನ ಇಂಗ್ಲಿಷ್ ನೆನಪಿಗೆ ಬಾರದೆ ಇರುತ್ತಾ? ‘ಟುಡೇ ಓನ್ಲಿ ಐ ಕೇಮ್’ ಅಂದರೆ ಬೆಂಗಳೂರಿನ ಆಫೀಸುಗಳಲ್ಲಿ ಮುಖ ಮುಖ ನೋಡಿಕೊಳ್ಳುತ್ತಾರೆ. ಆ ‘ಓನ್ಲಿ’ ಅನ್ನುವುದು ‘ಇವತ್ತೇ ಬಂದೆ’ ಅನ್ನುವಾಗ ‘ಇವತ್ತೇ’ ಕೊನೆಗೆ ಬರುವ ಏ ಸ್ವರ, ಇಂಗ್ಲಿಷಿನಲ್ಲಿ ಜಾಗ ಹುಡುಕಿಕೊಂಡಿದೆ. ಅದಕ್ಕೂ ನಿಯಮ ಇದೆ. ಒತ್ತು ಬೇಕಾದ ಪದದ ಪಕ್ಕದಲ್ಲೇ ಅದು ಕೂರುತ್ತೆ, ಎಲ್ಲೆಲ್ಲೋ ಕೂರುವುದಿಲ್ಲ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳು ನಮ್ಮಲ್ಲಿ ಇವೆ ಅಂತ ಅಮ್ಮ ಹೇಳಿದಾಗ ಅಜ್ಜಿ ತುಂಬ ಹೊತ್ತು ಅಮ್ಮನ ಕೈ ಹಿಡಿದುಕೊಂಡಿದ್ದರು. ಭಾಷೆ ಹೋದ ಮನೆಯವರು ಅವರು. ಆ ದಂಡ ಎಲ್ಲಿಗೆ ಮುಟ್ಟುತ್ತೆ ಅಂತ ಅವರಿಗೆ ನಾವು ವಿವರಿಸಬೇಕಾಗಿರಲಿಲ್ಲ.

ಸಂಜೆ ಮಗಳು ಶಾಲೆಯಿಂದ ಬಂದು ತನ್ನ ಪ್ರಬಂಧ ತೋರಿಸಿದಳು. ‘ಮೈ ಗ್ರ್ಯಾನಿ ಡಸ್ ಬಿ ಟೆಲಿಂಗ್ ಮಿ ಸ್ಟೋರೀಸ್’ ಅಂತ ಬರೆದಿದ್ದಳು, ಅದರ ಸುತ್ತ ಕೆಂಪು ಗೆರೆ. ‘ಅಪ್ಪಾ, ಇದು ತಪ್ಪಾ?’ ಅಂತ ಕೇಳಿದಳು. ಪರೀಕ್ಷೆಯಲ್ಲಿ ‘ಟೆಲ್ಸ್’ ಅಂತ ಬರಿ, ಅಲ್ಲಿ ಬೇರೆ ಇಂಗ್ಲಿಷ್ ಬೇಕು, ಆದರೆ ನಿನ್ನ ಗೆಳತಿಯರ ಜೊತೆ ನೀನಾಡುವ ಮಾತು ತಪ್ಪಲ್ಲ ಅಂದೆ. ಇದನ್ನು ಸಮಾಧಾನಕ್ಕೆ ಹೇಳಲಿಲ್ಲ, ನಂಬಿಯೇ ಹೇಳಿದೆ.

ನಿಜವಾದ ಪಾಠ ಮಾಡಿದವಳು ಅಮ್ಮ. ಇಲ್ಲೇ ಹುಟ್ಟಿದ ಮಗಳಿಗೆ ಕನ್ನಡದಲ್ಲಿ ಇದೆ, ಇರುತ್ತೆ ಯಾವಾಗಲೂ ಕಲಸಿಹೋಗುತ್ತಿತ್ತು. ನಾನು ಎಷ್ಟು ತಿದ್ದಿದರೂ ನಿಲ್ಲುತ್ತಿರಲಿಲ್ಲ. ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಡಸ್ ಬಿ ಅನ್ನೋ ಕಡೆ ಎಲ್ಲ ಇರ್ತಾರೆ ಹಾಕು ಪುಟ್ಟಿ, ಈಸ್ ಅನ್ನೋ ಕಡೆ ಇದ್ದಾರೆ ಹಾಕು’ ಅಂದಳು. ಮಗಳು ಒಂದೊಂದೇ ವಾಕ್ಯ ಕಟ್ಟಿದಳು. ಅಜ್ಜಿ ಕತೆ ಹೇಳ್ತಾ ಇರ್ತಾರೆ. ಅಪ್ಪ ಫೋನಲ್ಲಿ ಮಾತಾಡ್ತಾ ಇದ್ದಾರೆ. ಡಬ್ಲಿನ್‌ನಲ್ಲಿ ಮಳೆ ಬರ್ತಾ ಇರುತ್ತೆ. ಒಂದೂ ತಪ್ಪಲಿಲ್ಲ. ‘ಇನ್ನೂ ಹೇಳಲಾ ಅಜ್ಜಿ?’ ಅಂದಳು. ‘ಹೇಳು’ ಅಂದಳು ಅಮ್ಮ.