ಆಗಸ್ಟ್ 10ರಿಂದ ತೆರ್ಮಿದೋರ್‌ವರೆಗೆ: ಫ್ರೆಂಚ್ ಕ್ರಾಂತಿಯ ಗೋಡೆಪಟ್ಟಿ, ಐದನೇ ಕಂತು

ಫ್ರೆಂಚ್ ಕ್ರಾಂತಿಯ ಸಾವುಗಳನ್ನು ದಿನದಿನಕ್ಕೆ ಕಂಬಗಳಾಗಿ ಬರೆಯುವ ಈ ಪಟ್ಟಿಯ ಒಂಬತ್ತು ಹಾಳೆಗಳಲ್ಲಿ ಎಂಟು ಮುಗಿದಿವೆ. ಹೊಸದಾಗಿ ನೋಡುವವರಿಗೆ ಅಳತೆಯನ್ನು ಮತ್ತೊಮ್ಮೆ ಹೇಳಿಬಿಡೋಣ. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನ ತ್ವಿಲೆರಿ ಅರಮನೆ ಬಿತ್ತು, ಹದಿನಾರನೇ ಲೂಯಿಯ ದೊರೆತನ ಅಲ್ಲಿಗೆ ಮುಗಿಯಿತು. 1794ರ ಜುಲೈ 28ರಂದು ಕ್ರಾಂತಿ ಸರಕಾರದ ಮುಂದಾಳು ರೋಬೆಸ್ಪಿಯೆರ್ ತಲೆ ಉರುಳಿತು. ಎರಡೂ ತುದಿ ಸೇರಿ 718 ದಿನ. ದಿನಕ್ಕೆ 4 ಮಿಮೀ ಅಗಲ, ಒಂದು ಸಾವಿಗೆ 1 ಮಿಮೀ ಎತ್ತರ. ಎ3 ಹಾಳೆ ಅಡ್ಡಲಾಗಿ, ಎರಡೂ ಪಕ್ಕ 20 ಮಿಮೀ ಅಂಚು ಬಿಟ್ಟರೆ 380 ಮಿಮೀ ಉಳಿಯುತ್ತದೆ.

ಹಾಳೆಗಳನ್ನು ಕ್ರಾಂತಿಯವರು ತಂದ ಹೊಸ ಪಂಚಾಂಗದ ಪ್ರಕಾರವೇ ತುಂಡರಿಸಿದೆ; ಅದರ ಒಂದನೇ ವರ್ಷ ಶುರುವಾಗುವುದು 1792ರ ಸೆಪ್ಟೆಂಬರ್ 22ಕ್ಕೆ. 30 ದಿನದ ಮೂರು ತಿಂಗಳೆಂದರೆ 90 ದಿನ, 360 ಮಿಮೀ. ಮೊದಲ ಹಾಳೆಯಲ್ಲಿ ಗಣರಾಜ್ಯಕ್ಕಿಂತ ಮುಂಚಿನ 43 ದಿನ, ಆಮೇಲೆ ಒಂದನೇ ವರ್ಷಕ್ಕೆ ನಾಲ್ಕು, ಎರಡನೇ ವರ್ಷಕ್ಕೆ ನಾಲ್ಕು. ತೊಡಕು ಐದನೇ ಹಾಳೆಯದು. ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರದ 5 ದಿನಗಳಿವೆ, ಹಾಗಾಗಿ ಅಲ್ಲಿ 95 ದಿನ, ಸರಿಯಾಗಿ 380 ಮಿಮೀ. ಒಂದು ಕೂದಲೆಳೆಯಷ್ಟೂ ಉಳಿಯುವುದಿಲ್ಲ. ಗೋಂದು ಹಚ್ಚುವ ಪಟ್ಟಿಯನ್ನು ಆರನೇ ಹಾಳೆಯ ಎಡ ಅಂಚಿನಿಂದ ತೆಗೆದುಕೊಳ್ಳಬೇಕು.

ದಿನಾಂಕದ ಲೆಕ್ಕ ಸ್ಪ್ರೆಡ್‌ಶೀಟಿನಲ್ಲಿ ಕೈಕೊಡುತ್ತದೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ದಿನಾಂಕವೇ ಗೊತ್ತಿಲ್ಲ. 1793ರ ದಿನಾಂಕ ಹೊಡೆದರೆ ಬರೀ ಅಕ್ಷರವೆಂದು ಇಟ್ಟುಕೊಳ್ಳುತ್ತದೆ, ಕಳೆಯಲು ಹೋದರೆ ದೋಷ ತೋರಿಸುತ್ತದೆ. ಉಪಾಯ ಸುಲಭ: ಎಲ್ಲ ವರ್ಷಕ್ಕೂ 400 ಸೇರಿಸಿ. ಗ್ರೆಗೋರಿಯನ್ ಪಂಚಾಂಗ 400 ವರ್ಷಕ್ಕೆ, ಅಂದರೆ 1,46,097 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ. ಅದು ಶೇಷವಿಲ್ಲದೆ 20,871 ವಾರ, ಆದ್ದರಿಂದ ಅಧಿಕ ವರ್ಷವೂ ಕೆಡುವುದಿಲ್ಲ, ವಾರವೂ ಕೆಡುವುದಿಲ್ಲ. ದೊರೆಯ ತಲೆ ಕಡಿದ 1793ರ ಜನವರಿ 21 ಸೋಮವಾರ. 2193ರ ಜನವರಿ 21 ಕೂಡ ಸೋಮವಾರವೇ.

ಎರಡನೇ ವರ್ಷದ ದಿನಾಂಕ ಬೇಕೆಂದರೆ, ಬೇಕಾದ ದಿನದಿಂದ 2193ರ ಸೆಪ್ಟೆಂಬರ್ 22 ಕಳೆದು 30ರಿಂದ ಭಾಗಿಸಿ. ಭಾಗಲಬ್ಧಕ್ಕೆ 1 ಕೂಡಿಸಿದರೆ ತಿಂಗಳು, ಶೇಷಕ್ಕೆ 1 ಕೂಡಿಸಿದರೆ ತಾರೀಖು. ಜುಲೈ 27ಕ್ಕೆ 308 ಬರುತ್ತದೆ: ಭಾಗಲಬ್ಧ 10, ಶೇಷ 8. ಹನ್ನೊಂದನೇ ತಿಂಗಳ ಒಂಬತ್ತು, ಅದೇ ರೋಬೆಸ್ಪಿಯೆರ್ ಅಧಿಕಾರ ಕಳೆದುಕೊಂಡ 9 ತೆರ್ಮಿದೋರ್. ಪಟ್ಟಿಯನ್ನು ಮುಂದಕ್ಕೆ ಎಳೆಯುವವರು ಒಂದು ನೆನಪಿಡಿ. ಮೂರನೇ ವರ್ಷಕ್ಕೆ 366 ದಿನ, ಹಾಗಾಗಿ ನಾಲ್ಕನೇ ವರ್ಷ ಶುರುವಾಗುವುದು ಸೆಪ್ಟೆಂಬರ್ 23ಕ್ಕೆ. ಅದನ್ನು ಮರೆತರೆ ಮೊದಲ ತಿಂಗಳಾದ ವಾಂದೆಮಿಯೆರ್‌ನ 13ರ ಪ್ಯಾರಿಸ್ ದಂಗೆ 1795ರ ಅಕ್ಟೋಬರ್ 5ರ ಬದಲು 4ಕ್ಕೆ ಹೋಗಿ ಕೂರುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಒಂದನೇ ವರ್ಷದ್ದು. ಈ ಪಂಚಾಂಗ ಜಾರಿಗೆ ಬಂದದ್ದು 1793ರ ಅಕ್ಟೋಬರ್‌ನಲ್ಲಿ. ಅಂದರೆ ಒಂದನೇ ವರ್ಷದ ತಿಂಗಳುಗಳನ್ನು ಲೆಕ್ಕ ಹಿಡಿದು ಯಾರೂ ಬಾಳಲಿಲ್ಲ, ಎಲ್ಲ ಹಿಂದಿನಿಂದ ಹಚ್ಚಿದ ಬಣ್ಣ. ಸಾಲದ್ದಕ್ಕೆ, 1793ರ ಜನವರಿ 1ರಿಂದಲೇ ಎರಡನೇ ವರ್ಷ ಎಂದು ಮೊದಲು ಗೊತ್ತು ಮಾಡಿ, ಅಕ್ಟೋಬರ್‌ನಲ್ಲಿ ಅದನ್ನು ಅಳಿಸಿದರು. ಹೀಗಾಗಿ ಆ ವರ್ಷದ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಕಾಗದಪತ್ರದಲ್ಲಿ ‘ಎರಡನೇ ವರ್ಷ’ ಎಂದು ಕಂಡರೆ ಕಣ್ಣು ಮುಚ್ಚಿ ನಂಬಬೇಡಿ, ಅದು ಒಂದನೆಯದು. ನಮ್ಮ ಪಟ್ಟಿಯಲ್ಲಿ 2ರಿಂದ 5ನೇ ಹಾಳೆಯ ಕ್ರಾಂತಿ ತಾರೀಖುಗಳು ಪೆನ್ಸಿಲಿನಲ್ಲಿ, 6ರಿಂದ ಮುಂದಿನವು ಶಾಯಿಯಲ್ಲಿ.

ಈ ಪಂಚಾಂಗದ ಹತ್ತು ದಿನದ ವಾರಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ಒಂದು ಪಂಚಾಯ್ತಿ. ‘ದಶಕ’ ಎಂದರೆ ಹತ್ತು ವರ್ಷವಾಯಿತು. ‘ದಶಾಹ’ ಎಂದರೆ ಅರ್ಥ ಸರಿ, ಆದರೆ ಅದು ಸಾವಿನ ಮನೆಯ ಮಾತು. ಈ ಪಟ್ಟಿಗೆ ಅದೇ ಒಪ್ಪೀತು ಎನ್ನಿಸಿದರೂ, ಕೊನೆಗೆ ‘ಹತ್ತರ ವಾರ’ ಎಂದು ಬರೆದದ್ದಾಯಿತು. ತಿಂಗಳ ಹೆಸರನ್ನು ಅನುವಾದಿಸಿಲ್ಲ. ಚಿಗುರಿನ ತಿಂಗಳು ಜೆರ್ಮಿನಾಲ್‌ಗೆ ಚೈತ್ರ ಎಂದುಬಿಟ್ಟರೆ ಯುಗಾದಿ ವರ್ಷವರ್ಷಕ್ಕೂ ಹಿಂದೆ ಮುಂದೆ ಸರಿದು ಲೆಕ್ಕ ಹಾಳು. ಆ ಹೆಸರುಗಳನ್ನು ಕಟ್ಟಿದ ಕವಿ ಫಾಬ್ರ್ ದೆಗ್ಲಾಂತಿನ್ ಸತ್ತದ್ದೂ 16 ಜೆರ್ಮಿನಾಲ್‌ನಲ್ಲೇ, ಕ್ರಾಂತಿಯ ಮುಂದಾಳು ದಾಂತೋನ್ ಜೊತೆ, ತಲೆ ಕಡಿಯುವ ಯಂತ್ರವಾದ ಗಿಲೊಟಿನ್ ಕೆಳಗೆ.

ಕಂಬಗಳ ವಿಷಯಕ್ಕೆ ಬಂದರೆ, ಪ್ಯಾರಿಸ್ಸಿನಲ್ಲಿ ತೀರ್ಪಾಗಿ ಗಿಲೊಟಿನ್ ಏರಿದವರು ಕಪ್ಪು ಶಾಯಿ, 0.3 ಪೆನ್. ದೊರೆಯ ಕಂಬ ಬರೀ 1 ಮಿಮೀ, ಬಿಟ್ಟುಹೋದ ಚುಕ್ಕಿಯಂತೆ ಕಾಣುತ್ತದೆ, ಮೇಲೊಂದು ಬಾವುಟ ಹಚ್ಚದೆ ವಿಧಿಯಿಲ್ಲ. 1792ರ ಸೆಪ್ಟೆಂಬರ್ 2ರಿಂದ 6ರವರೆಗೆ ಜೈಲುಗಳಿಗೆ ನುಗ್ಗಿದ ಗುಂಪುಗಳ ಕೈಯಲ್ಲಿ ಸತ್ತವರ ಸಂಖ್ಯೆ 1,100ರಿಂದ 1,400. ಅಲ್ಲಿ ದಿನಕ್ಕೊಂದು ಕಂಬ ಎಬ್ಬಿಸುವುದು ಸುಳ್ಳು ನಿಖರತೆ. 20 ಮಿಮೀ ಅಗಲ, 240 ಮಿಮೀ ಎತ್ತರದ ಒಂದೇ ಕೆಂಪು ಗೀಟುಗೀಟಿನ ಚೌಕ ಹಾಕಿದೆ. ಎ3 ಎತ್ತರ 297, ತಾಗಿಯೂ ತಾಗದಂತೆ ಕೂತಿದೆ.

ಎಲ್ಲರೂ ಜಾರುವ ಜಾಗ 8ನೇ ಹಾಳೆ. ಎಂಟನೇ ತಿಂಗಳು ಫ್ಲೊರೆಯಾಲ್‌ನಿಂದ ಕಪ್ಪು ಕಂಬಗಳು ಏಕ್‌ದಂ ಏಳುತ್ತವೆ. ಹಿಂಸೆ ಇಡೀ ದೇಶದಲ್ಲಿ ಹೆಚ್ಚಿತು ಎಂದು ಓದಿಕೊಳ್ಳುವುದು ತಪ್ಪು. ಏಪ್ರಿಲ್ 16 ಮತ್ತು ಮೇ 8ರ ಆಜ್ಞೆಗಳು ಕೆಲವನ್ನು ಬಿಟ್ಟು ಊರೂರಿನ ಕ್ರಾಂತಿ ನ್ಯಾಯಮಂಡಳಿಗಳನ್ನು ಮುಚ್ಚಿಸಿ, ಆರೋಪಿಗಳನ್ನು ಪ್ಯಾರಿಸ್ಸಿಗೆ ಸಾಗಿಸಿದವು. ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಮರಣದಂಡನೆ 16,594, ಪ್ಯಾರಿಸ್ಸಿನದು 2,639 ಮಾತ್ರ. ಅರ್ಧಕ್ಕಿಂತ ಹೆಚ್ಚು ವಾಂದೆಯ ಬಂಡಾಯ ಎದ್ದ ಪಶ್ಚಿಮದ್ದು. ಅದಕ್ಕೆಂದೇ ಕೆಳಗೆ ಬೇರೆ ನೀಲಿ ಪಟ್ಟಿ. ನಾಂತ್‌ನಲ್ಲಿ ಲ್ವಾರ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾದವರು ಈ ಲೆಕ್ಕಕ್ಕೇ ಬರುವುದಿಲ್ಲ.

ಹಾಗೆಂದು ಎಲ್ಲವನ್ನೂ ಸಾಗಾಟದ ತಲೆಗೆ ಕಟ್ಟುವಂತಿಲ್ಲ. ಜೂನ್ 10ರ 22 ಪ್ರೆರಿಯಾಲ್ ಕಾಯ್ದೆ ಆರೋಪಿಯಿಂದ ವಕೀಲನನ್ನು ಕಿತ್ತುಕೊಂಡಿತು, ಬಿಡುಗಡೆ ಇಲ್ಲವೇ ಮರಣ, ಎರಡೇ ತೀರ್ಪು. ಅಲ್ಲಿಂದ 48 ದಿನದಲ್ಲಿ 1,376 ಜನ. ಹಸಿರು ಗೆರೆಯ ಯುದ್ಧಸಾಲನ್ನು ಪಕ್ಕಕ್ಕಿಟ್ಟು ನೋಡಿ: ಡಿಸೆಂಬರ್‌ನಲ್ಲೇ ಶತ್ರುಗಳ ಹಿಡಿತದಲ್ಲಿದ್ದ ತೂಲೋನ್ ಬಂದರು ಮತ್ತೆ ಕೈಗೆ ಬಂದಿತ್ತು, ಸಾವೆನೇಯಲ್ಲಿ ವಾಂದೆ ಸೈನ್ಯ ಮುಗಿದಿತ್ತು, ಜೂನ್ 26ಕ್ಕೆ ಫ್ಲೂರೂಸ್‌ನಲ್ಲಿ ಆಸ್ಟ್ರಿಯಾ ಸೋತಿತು. ಅಪಾಯದ ಗೆರೆ ಇಳಿಯುತ್ತಿದೆ, ಕಂಬ ಏರುತ್ತಿದೆ. ಶತ್ರುಭಯದಿಂದ ಆದದ್ದು ಎಂಬ ವಾದ 6ನೇ ಹಾಳೆಯವರೆಗೆ ನಿಲ್ಲುತ್ತದೆ, 8ರಲ್ಲಿ ನಿಲ್ಲುವುದಿಲ್ಲ.

ಮೊದಲ ಹಾಳೆಯ ಎಡ ಅಂಚಿನಲ್ಲಿ ಮೈಸೂರಿನ ಒಂದು ಚುಕ್ಕಿ ಸೇರಿಸಿದೆ. ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳಿಗೆ ಇದೇ ಲೂಯಿ ವರ್ಸೈಯಲ್ಲಿ ದರ್ಬಾರು ಕೊಟ್ಟದ್ದು 1788ರ ಆಗಸ್ಟ್ 10. ಲೆಕ್ಕ ಹಾಕಿದರೆ ಅರಮನೆ ಬಿದ್ದ ದಿನಕ್ಕಿಂತ ಸರಿಯಾಗಿ ನಾಲ್ಕು ವರ್ಷ ಮುಂಚೆ.

ಇನ್ನು 9ನೇ ಹಾಳೆ. ಯೋಜನೆಯಂತೆ ಅಲ್ಲಿ 40 ದಿನ, 160 ಮಿಮೀ. ಕೊನೆಯ ಕಂಬ 10 ತೆರ್ಮಿದೋರ್‌ನದು, ರೋಬೆಸ್ಪಿಯೆರ್ ಸೇರಿ 22 ಮಿಮೀ. ಆದರೆ ಮರುದಿನ ಅವನ ಕಡೆಯ ನಗರಸಭೆಯವರು ಸುಮಾರು 70 ಜನ ಗಿಲೊಟಿನ್ ಏರಿದರು. ಇಡೀ ಪಟ್ಟಿಯಲ್ಲಿ ಅಷ್ಟು ಎತ್ತರದ ಕಪ್ಪು ಕಂಬ ಇನ್ನೊಂದಿಲ್ಲ, ಅದೇ ಚೌಕಟ್ಟಿನ ಆಚೆ ಉಳಿಯುತ್ತಿತ್ತು. ಹಾಳೆಯಲ್ಲಿ ಜಾಗಕ್ಕೇನೂ ಬರವಿಲ್ಲ. ಪಟ್ಟಿ ಈಗ 719 ದಿನ, ಬಲಕ್ಕೆ ಇನ್ನು 4 ಮಿಮೀ.